ಇಪ್ಪತ್ಮೂರು ನಂಬರಿನಾಕಿ

ಕರೆಂಟ್ ಹೋಗಿ ತಾಸಾತು.
ಹಾಸಿಗಿ ಸರಿಸಿ ಬರೇ ಫರಸಿ ಮ್ಯಾಲ ಮಲಗೀನಿ.
ಶಹಾಬಾದಿನಾಗ ಇದೊಂದು ಸುಖಕ್ಕ ಬರ ಇಲ್ಲ:
ಎಂಥಾ ಬಡವರ ಮನಿಗೂ ನೆಲಕ್ಕ ಕಲ್ಲದ,
ಕಲ್ಲಿಗೆ ತಂಪದ.
ಬೆನ್ನಿಗೆ ಮೊದಲು ಹತ್ತೋದು ತಂಪು,
ಆಮ್ಯಾಲ ತನ್ನದೇ ಎಲುಬು.

ನಡಮನಿಯಾಗ ಅತ್ತಿಯ ಗೊರಕಿ,
ಮಗ್ಗಲಾಗ ಇವರದು,
ತಾಳ ತಪ್ಪಿದ ಭಜನಿ.
ವಾಡಿ ಕಡಿ ಹೋಗೋ ಗೂಡ್ಸ್ ಗಾಡಿ
ಸಿಗ್ನಲ್ ಸಿಗದೆ ನಿಂತು ಉಸಿರು ಬಿಡಲಿಕ್ಕತ್ತದ.

ಹಾಲಿಗೆ ಮುಚ್ಚಳ ಹಾಕೀನೇನು?
ಹಾಕೀನಿ.
ಗ್ಯಾಸ್?
ಎದ್ದು ನೋಡಿ ಬಂದೆ, ಬಂದ್ ಅದ.
ನಾಳೆ ಅಂಗನವಾಡಿಗೆ ಸೂಪರ್‌ವೈಜರ್ ಬರ್ತಾಳ,
ರಿಜಿಸ್ಟರಿನಾಗ ಎರಡು ಕೂಸಿನ ತೂಕ ಬರದಿಲ್ಲ.
ಇರಲಿ.
ಇವೆಲ್ಲ ಬಾಗಲಾಗ ನಿಂತು ಹೋಗೋರು.
ಒಳಗ ಬಂದು ಕೂತಾಕಿ ಬ್ಯಾರೆ.

ಸಂಜಿಗೆ ಕಲಬುರಗಿಯಿಂದ ಬರೋ ಬಸ್ಸಿನಾಗ
ಎದುರು ಸೀಟಿನಾಕಿ ಮುಸುಕು ಮ್ಯಾಲೆತ್ತಿ ನಕ್ಕಳು.
"ಜಗದೇವಿ ಅಲ್ಲೇನೇ? ಎಷ್ಟು ಸೊರಗೀದಿ!"
ಹೂಂ ಅಂದೆ. ನಾನೂ ನಕ್ಕೆ.
ಮಕ್ಕಳೆಷ್ಟು, ಅಳಿಯ ಹ್ಯಾಂಗ, ಶುಗರ್ ಅದ ಏನು,
ಎಲ್ಲಾ ಕೇಳಿದೆ, ಹೆಸರೊಂದು ಬಿಟ್ಟು.
ಐದು ವರ್ಷ ಒಂದೇ ಬೆಂಚಿನ್ಯಾಗ ಕೂತಾಕಿಗೆ
ನಿನ್ನ ಹೆಸರೇನವಾ ಅಂತ
ಯಾವ ಬಾಯಿಲೆ ಕೇಳಲಿ?
ಮರತೂರ ಕ್ರಾಸಿಗೆ ಇಳದಳು.
ಕಿಟಕಿ ಕೆಳಗ ನಿಂತು, "ಮರ್ತಿಲ್ಲಲ್ಲ ನನ್ನ?"
ಇಲ್ಲ ಅಂದೆ.
ಅಷ್ಟರಾಗ ಬಸ್ ಬಿಟ್ಟಿತ್ತು,
ಹೊಗಿಗೆ ಹೇಳಿದಂಗಾತು.

ಆಕಿ ಇಪ್ಪತ್ಮೂರು. ನಾ ಇಪ್ಪತ್ನಾಕು.
ಸರ್ ಹೆಸರು ಕರೀತಿರಲಿಲ್ಲ, ನಂಬರ್ ಕರೀತಿದ್ರು,
ಖಣಿಯಾಗ ಲಾರಿಗೆ ಕಲ್ಲು ಎಣಿಸಿದಂಗ.
ಆಕಿ "ಹಾಜರ್" ಅಂದ ಮ್ಯಾಲೇ ನಂದು.
ಆ ದನಿ ಇನ್ನೂ ನೆಪ್ಪದ,
ಹಸಿ ಪೇರಲ ಕಡದಂಗ.
ಎಡಗೈಲೆ ಬರೀತಿದ್ದಳು,
ಬೆಂಚಿನ ಮ್ಯಾಲ ನಮ್ಮಿಬ್ಬರ ಮೊಣಕೈ
ದಿನಾ ಗುದ್ದಾಡತಿದ್ದವು.
ರಂಜಾನಿನಾಗ ಖಜೂರ ತಂದು
ತಾ ತಿನ್ನಂಗಿಲ್ಲ,
ಬೀಜ ತಗದು ನನ್ನ ಕೈಯಾಗ ಇಡತಿದ್ದಳು.
ಎಂಟನೇತ್ತೆಯೊಳಗ ಆಕಿಯ ಕಂಪಾಸ್ ಇಸಕೊಂಡೆ,
ಮನಿಯಾಗ ಹೊಸಾದು ಕೇಳಲಿಕ್ಕೆ ಬಾಯಿ ಬರದ ವರ್ಷ ಅದು.
ತಿರುಗಿ ಕೊಡಲಿಲ್ಲ. ಆಕಿ ಕೇಳಲಿಲ್ಲ.
ಟ್ರಂಕಿನಾಗ ಈಗೂ ಅದ ತುಕ್ಕು ಹಿಡದು,
ಚುಚ್ಚೋ ಮೊನಿ ಮಾತ್ರ ಹಂಗೇ ಅದ.

ಇಷ್ಟೆಲ್ಲಾ ಕಾದಿಟ್ಟ ತಲಿ
ಹೆಸರು ಎಲ್ಲಿ ಒತ್ತಿಯಿಟ್ಟು ಬಂತು?
ನಾಳೆ ಮರತೂರಿಗೆ ಹೋಗಿ ಏನಂತ ಕೇಳಲಿ,
ಎಡಗೈಲೆ ಬರೆಯೋ ಹೆಣ್ಮಗಳ ಮನಿ ಯಾವುದ್ರಿ ಅಂತ?

ಕಡೀಕ ಕಾಗುಣಿತ ಹಿಡದೆ.
ಕ ಕಾ ಕಿ ಕೀ,
ಒಂದೊಂದೇ ಅಕ್ಷರದ ಬಾಗಲಾ ಬಡದು
ಇಲ್ಲಿದ್ದಾಳೇನ್ರಿ ಅಂತ.
ಖ ದಾಗ ಖುರ್ಷಿದಾ ಸಿಕ್ಕಳು, ಆಕಿ ಹಿಂದಿನ ಬೆಂಚು.
ನ ದಾಗ ನೀಲಗಂಗಾ. ಬಾಣಂತನದಾಗ ತೀರಿಹೋದಾಕಿ.
ಆಕಿ ಬಾಜೂಕ ತುಸು ಕೂತು ಎದ್ದೆ.
ಮ ದಾಗ ನಮ್ಮವ್ವ ಮಾಣಿಕಮ್ಮ,
"ಇನ್ನೂ ಎಚ್ಚರಿದ್ದೀ ಏನವಾ" ಅಂದಳು,
ಕಣ್ಣು ಉರದವು, ಮುಂದ ನಡದೆ.

ಹೊರಗ ಗಾಡಿಗೆ ಸಿಗ್ನಲ್ ಬಿತ್ತು.
ಮುಂದಿನದು ಎಳದಂಗ ಹಿಂದಿನದು,
ಡಬ್ಬಿಗೊಂದು ಡಬ್ಬಿ ಖಡಕ್ ಖಡಕ್ ಎಚ್ಚರಾಗಿ
ದೂರ, ಇನ್ನೂ ದೂರ.
ಸ ಸಾ ಸಿ ಸೀ
ಸು

ಸುಗ್ರಾ.

ಅಲ್ಲೇ ಕೂತಿದ್ದಳು, ಮೊಣಕೈ ಊರಿ.

ಜೋರಾಗೇ ಅಂದೆ ಅನಸ್ತದ,
ಇವರು ಮಗ್ಗಲಾ ಹೊಳ್ಳಿ "ಯಾರು ಬಂದಾರ?" ಅಂದ್ರು.
ಯಾರಿಲ್ಲ, ಮಲಕೋರಿ.

ಮುಂಜಾನಿ ತನಕ ಉಳೀತದೋ ಇಲ್ಲೋ.
ಕತ್ತಲಾಗ ಪೆನ್ನು ಎಲ್ಲಿ ಹುಡುಕಲಿ,
ತೋರಬೆರಳಿಲೆ ಫರಸಿ ಮ್ಯಾಲ ಬರದೆ.
ಎಡಗೈಲೆ ಬರದೆ.
ಅಕ್ಷರ ಸೊಟ್ಟ ಬಂದಿರಬೇಕು,
ಕಲ್ಲು ಏನೂ ಅನಲಿಲ್ಲ.

ಫ್ಯಾನ್ ತಿರುಗಿತೋ, ಕಿಟಕಿಯಿಂದ ಬಂತೋ,
ಒಂದೀಟು ಗಾಳಿ.
ಇಪ್ಪತ್ನಾಕು, ಅಂತ ಯಾರೋ ಕರದಂಗಾತು.
ಬಾಯಿ ತೆರದೆ.
ಬಂದದ್ದು ಆಕಳಿಕಿ.